ಮಕ್ಕಳ ಊಟ-ತಿಂಡಿ, ಹಾಲು-ನೀರು: ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳಿರುವ ಮನೆಯಲ್ಲಿ ಮುಖ್ಯ ಪ್ರಶ್ನೆ ಒಂದೇ: "ತಿನ್ನೋದೇ ಇಲ್ವಲ್ಲ, ಏನು ಮಾಡೋದು?" ಉಳಿದ ಪ್ರಶ್ನೆಗಳೆಲ್ಲ ಅದರ ಹಿಂದೆಯೇ ಬರುತ್ತವೆ. ಇಲ್ಲಿ ಬರೆದಿರುವುದು ಆರೋಗ್ಯವಾಗಿರುವ ಮಕ್ಕಳ ಬಗ್ಗೆ. ದಿನ ತುಂಬುವ ಮುಂಚೆ ಹುಟ್ಟಿದ ಮಗು, ಕಾಯಿಲೆ ಇರುವ ಮಗು, ತೂಕ ಇಳಿಯುತ್ತಿರುವ ಮಗು ಆದರೆ ನಿಮ್ಮ ಡಾಕ್ಟರ್ ಹೇಳಿದ್ದನ್ನೇ ಕೇಳಿ.

ಒಂದು ವರ್ಷದವರೆಗೆ ಚೆನ್ನಾಗಿ ತಿನ್ನುತ್ತಿದ್ದ ಮಗು ಈಗ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಏನಾಯಿತು?

ಬಹುಪಾಲು ಏನೂ ಆಗಿರುವುದಿಲ್ಲ. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗ ಇದ್ದದ್ದಕ್ಕೆ ಸುಮಾರು ಮೂರು ಪಟ್ಟಾಗುತ್ತದೆ. ಮೂರು ಕೆ.ಜಿ. ಇದ್ದದ್ದು ಒಂಬತ್ತರ ಹತ್ತಿರ ಬರುತ್ತದೆ. ಎರಡನೇ ವರ್ಷ ಪೂರ್ತಿ ಏರುವುದು ಎರಡು-ಎರಡೂವರೆ ಕೆ.ಜಿ. ಅಷ್ಟೇ. ಬೆಳವಣಿಗೆ ನಿಧಾನವಾದ ಮೇಲೆ ಹಸಿವೂ ಕಡಿಮೆಯಾಗುತ್ತದೆ. ಹತ್ತನೇ ತಿಂಗಳಲ್ಲಿ ಖಾಲಿಯಾಗುತ್ತಿದ್ದ ಬಟ್ಟಲು ಹದಿನೆಂಟನೇ ತಿಂಗಳಲ್ಲಿ ಅರ್ಧ ಉಳಿದರೆ ಗಾಬರಿ ಬೇಡ.

ಒಂದು ಊಟವನ್ನು ನೋಡಿ ಲೆಕ್ಕ ಹಾಕಬೇಡಿ, ಒಂದು ವಾರವನ್ನು ನೋಡಿ. ಈ ವಯಸ್ಸಿನವರು ಬೆಳಿಗ್ಗೆ ಎರಡು ಬಾಳೆಹಣ್ಣು ತಿಂದು ರಾತ್ರಿ ತಟ್ಟೆಯ ಕಡೆ ತಿರುಗಿಯೂ ನೋಡದಿರಬಹುದು. ಮಗು ಓಡಾಡಿಕೊಂಡು ಆಡುತ್ತಿದೆಯಾ? ಉಚ್ಚೆ ಸರಿಯಾಗಿ ಮಾಡುತ್ತಿದೆಯಾ? ಬೆಳವಣಿಗೆಯ ಚಾರ್ಟಿನಲ್ಲಿ ತನ್ನ ಗೆರೆಯ ಆಸುಪಾಸಿನಲ್ಲೇ ಇದೆಯಾ? ಹಾಗಿದ್ದರೆ ಮಗು ಬೇಕಾದಷ್ಟು ತಿನ್ನುತ್ತಿದೆ ಎಂದೇ ಅರ್ಥ. ತೂಕ ಇಳಿಯುತ್ತಿದ್ದರೆ, ನುಂಗುವಾಗ ನೋವು ಅಂದರೆ, ಪದೇ ಪದೇ ವಾಂತಿಯಾಗುತ್ತಿದ್ದರೆ, ಸುಸ್ತಾಗಿ ಬಿದ್ದುಕೊಂಡಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಹಾಗಾದರೆ ಎಷ್ಟು ತಿನ್ನಿಸಬೇಕು?

ತಿನ್ನಿಸುವುದು ನಿಮ್ಮ ಕೆಲಸವಲ್ಲ. ಬಡಿಸುವುದು ನಿಮ್ಮ ಕೆಲಸ.

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಿಂದ ಹೇಳುತ್ತಾ ಬಂದ ಒಂದು ಹಂಚಿಕೆ ಇದೆ. ಮಕ್ಕಳ ಊಟದ ಬಗ್ಗೆ ನಾನು ಓದಿದ್ದರಲ್ಲಿ ದಿನನಿತ್ಯ ಉಪಯೋಗಕ್ಕೆ ಬಂದದ್ದು ಇದೇ. ಏನು ಕೊಡಬೇಕು, ಯಾವಾಗ, ಎಲ್ಲಿ ಕೂರಿಸಿ ಕೊಡಬೇಕು ಅನ್ನುವುದು ದೊಡ್ಡವರ ಪಾಲು. ತಿನ್ನಬೇಕಾ ಬೇಡವಾ, ತಿಂದರೆ ಎಷ್ಟು ಅನ್ನುವುದು ಮಗುವಿನ ಪಾಲು. ಊಟದ ಹೊತ್ತಿನ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಎರಡೂ ಅದಲು ಬದಲಾದದ್ದರಿಂದಲೇ ಆಗುತ್ತವೆ. "ಇವತ್ತು ಏನು ಬೇಕು ಪುಟ್ಟಾ?" ಎಂದು ಎರಡು ವರ್ಷದ ಮಗುವನ್ನು ಕೇಳುತ್ತೇವೆ, ಆಮೇಲೆ ಅದು ಎಷ್ಟು ತುತ್ತು ನುಂಗಬೇಕು ಎಂದು ನಾವು ಎಣಿಸುತ್ತೇವೆ. ಎರಡೂ ಉಲ್ಟಾ.

"ಇನ್ನೊಂದೇ ಒಂದು ತುತ್ತು" ಎಂಬ ಮಾತನ್ನು ಬಿಡುವುದು ಕಷ್ಟ. ಆದರೆ ಅದನ್ನು ದಿನಾ ಕೇಳುವ ಮಗು ಕಲಿಯುವುದು ಒಂದೇ: ಹೊಟ್ಟೆ ತುಂಬಿತು ಎಂದು ಹೊಟ್ಟೆ ಹೇಳಿದರೆ ಲೆಕ್ಕಕ್ಕಿಲ್ಲ, ಅಮ್ಮ ಸಾಕು ಅಂದಾಗಲೇ ಸಾಕು. ಮೊದಲು ಸ್ವಲ್ಪವೇ ಬಡಿಸಿ, ಬೇಕು ಅಂದರೆ ಮತ್ತೆ ಹಾಕಿ. ತುಂಬಿದ ತಟ್ಟೆ ನೋಡಿದ ಕೂಡಲೇ ಮುಖ ತಿರುಗಿಸುವ ಮಕ್ಕಳು ಜಾಸ್ತಿ.

ಊಟ ಬಿಟ್ಟು ಎದ್ದು ಹೋಗಿ ಅರ್ಧ ಗಂಟೆಗೆ "ಹಸಿವು" ಅಂದರೆ?

ಮುಂದಿನ ತಿಂಡಿ ಯಾವಾಗ ಎಂದು ಹೇಳಿ, ಅಲ್ಲಿಯವರೆಗೆ ನೀರು ಕೊಡಿ. ಚಿಕ್ಕ ಮಕ್ಕಳಿಗೆ ಎರಡೂವರೆ-ಮೂರು ಗಂಟೆಗೊಮ್ಮೆ ಏನಾದರೂ ಸಿಗುವ ಹಾಗಿದ್ದರೆ ಸಾಕು: ಮೂರು ಊಟ, ಮಧ್ಯೆ ಎರಡು ಚಿಕ್ಕ ತಿಂಡಿ. ಇದನ್ನು ಶಿಕ್ಷೆಯ ದನಿಯಲ್ಲಿ ಹೇಳಬಾರದು. "ಆಗ ತಿನ್ನಲಿಲ್ಲ ಅಲ್ವಾ, ಈಗ ಅನುಭವಿಸು" ಎನ್ನುವುದು ಬೇರೆ, "ಆಟ ಮುಗಿಸಿ ಬಾ, ಆಮೇಲೆ ಹಣ್ಣು ಕೊಯ್ದು ಕೊಡ್ತೀನಿ" ಎನ್ನುವುದು ಬೇರೆ. ಆ ಅರ್ಧ ಗಂಟೆಗೇ ಬಿಸ್ಕತ್ತಿನ ಡಬ್ಬಿ ತೆಗೆದುಕೊಟ್ಟರೆ ಮಾತ್ರ ನಾಳೆಯೂ ಊಟ ಬಿಟ್ಟು ಏಳುವುದು ಗ್ಯಾರಂಟಿ. ಮಗುವಿನ ಲೆಕ್ಕಾಚಾರ ಪಕ್ಕಾ ಇರುತ್ತದೆ.

ತರಕಾರಿ ಮುಟ್ಟುವುದೇ ಇಲ್ಲ. ರುಬ್ಬಿ ಸೇರಿಸಿಬಿಡಲೇ?

ಸೇರಿಸಿ, ತೊಂದರೆಯಿಲ್ಲ. ಆದರೆ ಅದೊಂದನ್ನೇ ನಂಬಿಕೊಂಡರೆ ಮಗುವಿಗೆ ತರಕಾರಿಯ ಪರಿಚಯವೇ ಆಗುವುದಿಲ್ಲ.

ಎರಡರಿಂದ ಆರು ವರ್ಷದ ಮಕ್ಕಳಿಗೆ ಹೊಸ ಆಹಾರ ಕಂಡರೆ ಅಂಜಿಕೆ ಇರುವುದು ಸಹಜ. ಕಹಿ ರುಚಿಯ ಸೊಪ್ಪು-ತರಕಾರಿಗಳ ಮೇಲೆ ಆ ಅಂಜಿಕೆ ಇನ್ನೂ ಜಾಸ್ತಿ. ಒಂದು ಹೊಸ ರುಚಿ ಒಗ್ಗಲು ಎಂಟರಿಂದ ಹದಿನೈದು ಸಲ ಬೇಕಾಗಬಹುದು ಎಂದು ಅಧ್ಯಯನಗಳು ಹೇಳುತ್ತವೆ. ನಾವು ಮೂರ್ನಾಲ್ಕು ಸಲ ನೋಡಿ "ಇವಳಿಗೆ ಕ್ಯಾರೆಟ್ ಆಗಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಒಂದು ಸಲ ಎಂದರೆ ನುಂಗಲೇಬೇಕು ಎಂದೇನಿಲ್ಲ. ತಟ್ಟೆಯಲ್ಲಿ ಬೆಂದ ಕ್ಯಾರೆಟ್ ತುಂಡು ಇದೆ ಎಂದುಕೊಳ್ಳಿ. ಮಗು ಅದನ್ನು ಎರಡು ಬೆರಳಲ್ಲಿ ಎತ್ತುತ್ತದೆ, ತಿರುಗಿಸಿ ನೋಡುತ್ತದೆ, ನಾಲಿಗೆಯ ತುದಿ ತಾಗಿಸುತ್ತದೆ, ಮುಖ ಕಿವುಚಿ ತಟ್ಟೆಯ ಅಂಚಿಗೆ ಇಡುತ್ತದೆ. ನಮ್ಮ ಕಣ್ಣಿಗೆ ಅದು ಬೇಡ ಅಂದ ಹಾಗೆ. ನಿಜಕ್ಕೂ ಮಗು ಪರಿಚಯ ಮಾಡಿಕೊಳ್ಳುತ್ತಿದೆ. ಬಾಯಿಗೆ ಹಾಕಿ ಉಗಿದರೂ ಅದು ಒಂದು ಸಲವೇ. ನೀವು ಮಾಡಬೇಕಾದದ್ದು ಮೂರು: ಬಟಾಣಿ ಗಾತ್ರದ ಚೂರು ಇಡಿ, ಪಕ್ಕದಲ್ಲಿ ಮಗುವಿಗೆ ಇಷ್ಟವಾದದ್ದೂ ಒಂದಿರಲಿ, ನಿಮ್ಮ ತಟ್ಟೆಯಲ್ಲೂ ಅದೇ ತರಕಾರಿ ಇರಲಿ. "ತಿನ್ನು, ಕಣ್ಣಿಗೆ ಒಳ್ಳೇದು" ಎಂಬ ಭಾಷಣ ಬೇಡ. ಮಕ್ಕಳಿಗೆ ಔಷಧಿ ಎಂಬ ಅನುಮಾನ ಬರುವುದೇ ಅಲ್ಲಿ.

"ಬೀನ್ಸ್ ತಿಂದರೆ ಚಾಕಲೇಟ್" ಎನ್ನಬಹುದಾ?

ಬೇಡ. ಅವತ್ತಿಗೆ ಬೀನ್ಸ್ ಒಳಗೆ ಹೋಗುತ್ತದೆ, ನಿಜ. ಆದರೆ ಬೀನ್ಸ್ ಎಂದರೆ ಸಹಿಸಿಕೊಳ್ಳಬೇಕಾದದ್ದು, ಚಾಕಲೇಟ್ ಎಂದರೆ ಬಹುಮಾನ ಎಂಬುದು ತಲೆಯಲ್ಲಿ ಕೂರುತ್ತದೆ. ಸಿಹಿ ಕೊಡುವ ದಿನ ಊಟದ ಜೊತೆಗೇ ಸ್ವಲ್ಪ ಇಟ್ಟುಬಿಡಿ. ಮೊದಲು ಅದನ್ನೇ ತಿಂದರೂ ಸುಮ್ನಿರಿ.

ಎದೆಹಾಲಿನ ಜೊತೆ ಬೇರೆ ಆಹಾರ ಯಾವಾಗ ಶುರು ಮಾಡಬೇಕು?

ಆರು ತಿಂಗಳು ತುಂಬಿದಾಗ. ಅಲ್ಲಿಯವರೆಗೆ ಎದೆಹಾಲು ಮಾತ್ರ ಸಾಕು, ನೀರೂ ಬೇಡ. ಆಮೇಲೆ ಬೇರೆ ಆಹಾರದ ಜೊತೆಗೆ ಎದೆಹಾಲನ್ನು ಎರಡು ವರ್ಷ ಅಥವಾ ಅದಕ್ಕೂ ಮುಂದೆ ಕೊಡಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕತ್ತು ನಿಲ್ಲಬೇಕು, ಆಸರೆ ಕೊಟ್ಟರೆ ಕೂರಬೇಕು, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವುದು ನಿಂತಿರಬೇಕು. ಮೊದಲು ದಿನಕ್ಕೆ ಎರಡು-ಮೂರು ಸಲ, ಒಂಬತ್ತು ತಿಂಗಳ ಹೊತ್ತಿಗೆ ಮೂರು-ನಾಲ್ಕು ಸಲ.

ಹುಟ್ಟುವಾಗ ಮೈಯಲ್ಲಿ ಶೇಖರವಾಗಿದ್ದ ಕಬ್ಬಿಣದ ಅಂಶ ಆರು ತಿಂಗಳ ಹೊತ್ತಿಗೆ ಕಡಿಮೆಯಾಗುತ್ತಾ ಬರುತ್ತದೆ. ಆದ್ದರಿಂದ ಸುಮ್ನೆ ತೆಳ್ಳಗಿನ ಗಂಜಿ ಕುಡಿಸಿದರೆ ಸಾಲದು. ಚೆನ್ನಾಗಿ ಬೆಂದ ಬೇಳೆಕಾಳು, ಮೊಟ್ಟೆ, ತಿನ್ನುವವರಾದರೆ ಮಾಂಸ ಬೇಗನೆ ಬರಲಿ. ಕಾಳುಗಳ ಕಬ್ಬಿಣ ಮೈಗೆ ಹತ್ತಲು ಜೊತೆಗೆ ಸಿ ವಿಟಮಿನ್ ಇರುವ ಟೊಮೆಟೊ, ಕಿತ್ತಳೆ, ನಿಂಬೆರಸ ಇದ್ದರೆ ಒಳ್ಳೆಯದು.

ಒಂದು ವರ್ಷದವರೆಗೆ ಜೇನುತುಪ್ಪ ಬೇಡವೇ ಬೇಡ, ನಾಲಿಗೆಗೆ ಸವರುವುದೂ ಬೇಡ. ಅದರಲ್ಲಿ ಬಾಟ್ಯುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಕೂಸಿನ ಕರುಳಲ್ಲಿ ಅವು ಬೆಳೆದು ವಿಷ ಬಿಡುತ್ತವೆ, ಸ್ನಾಯುಗಳು ಸೋಲುತ್ತವೆ. ಅಡುಗೆಯ ಬಿಸಿಗೆ ಈ ಬೀಜಾಣುಗಳು ಸಾಯುವುದಿಲ್ಲ. ಕೂಸಿನ ಪಾಲಿಗೆ ಉಪ್ಪು, ಸಕ್ಕರೆ ಸೇರಿಸುವ ಅಗತ್ಯವೂ ಇಲ್ಲ. ನಮಗೆ ಸಪ್ಪೆ ಅನ್ನಿಸಿದ್ದು ಅದಕ್ಕೆ ಸಪ್ಪೆಯಲ್ಲ.

ಮೊಟ್ಟೆ, ಕಡಲೆಕಾಯಿ ತಡವಾಗಿ ಕೊಟ್ಟರೆ ಅಲರ್ಜಿ ಬರುವುದಿಲ್ಲ ಅಂತಾರಲ್ಲ?

ಹಿಂದೆ ಹಾಗೆ ಹೇಳುತ್ತಿದ್ದರು. ಈಗ ಮಾತು ತಿರುಗಿದೆ. ಅಲರ್ಜಿಯ ಅಪಾಯ ಜಾಸ್ತಿ ಇದ್ದ 640 ಕೂಸುಗಳನ್ನು ಎರಡು ಗುಂಪು ಮಾಡಿ ಬ್ರಿಟನ್ನಿನಲ್ಲಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಚಿಕ್ಕಂದಿನಿಂದಲೇ ಕಡಲೆಕಾಯಿ ಇರುವ ಆಹಾರ ಕೊಟ್ಟರು, ಇನ್ನೊಂದಕ್ಕೆ ಐದು ವರ್ಷದವರೆಗೆ ಕೊಡಲಿಲ್ಲ. ಕೊಟ್ಟ ಗುಂಪಿನಲ್ಲಿ ಕಡಲೆಕಾಯಿ ಅಲರ್ಜಿ ಸುಮಾರು ಶೇ 80ರಷ್ಟು ಕಡಿಮೆಯಿತ್ತು. ಹಾಗಾಗಿ ಆರು ತಿಂಗಳ ನಂತರ ಸುಮ್ನೆ ಕಾಯುವುದು ಬೇಡ. ನುಣ್ಣಗೆ ಪುಡಿ ಮಾಡಿ ಬೆರೆಸಿ ಕೊಡಿ, ಇಡೀ ಬೀಜ ಕೊಡಬೇಡಿ. ಒಂದು ದಿನಕ್ಕೆ ಒಂದೇ ಹೊಸ ಪದಾರ್ಥ, ಅದೂ ಬೆಳಗಿನ ಹೊತ್ತು. ಏನಾದರೂ ಆದರೆ ಕಣ್ಣಿಗೆ ಬೀಳುತ್ತದೆ. ಜೋರಾದ ಎಕ್ಸಿಮಾ (ಚರ್ಮ ಒಣಗಿ, ಕೆಂಪಗಾಗಿ ತುರಿಸುವ ಕಾಯಿಲೆ) ಇದ್ದರೆ ಅಥವಾ ಮೊದಲೇ ಯಾವುದಾದರೂ ಅಲರ್ಜಿ ಕಂಡಿದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಗಂಟಲಿಗೆ ಸಿಕ್ಕಿಕೊಂಡರೆ ಎಂಬ ಭಯಕ್ಕೆ ಎಲ್ಲವನ್ನೂ ಮಿಕ್ಸಿಗೆ ಹಾಕುತ್ತೇನೆ. ಸರಿಯಾ?

ಒಂಬತ್ತು-ಹತ್ತು ತಿಂಗಳಾದ ಮೇಲೂ ಹಾಗೆಯೇ ಮುಂದುವರಿಸಿದರೆ ಮಗು ಅಗಿಯುವುದನ್ನು ಕಲಿಯುವುದು ತಡವಾಗುತ್ತದೆ. ಕೈಯಲ್ಲಿ ಹಿಸುಕಿದ್ದು, ಆಮೇಲೆ ಮೆತ್ತಗಿನ ತುಂಡು, ಹೀಗೆ ಮುಂದೆ ಹೋಗಬೇಕು.

ಓಕರಿಕೆಗೂ ಉಸಿರುಗಟ್ಟುವುದಕ್ಕೂ ವ್ಯತ್ಯಾಸ ಗೊತ್ತಿರಲಿ. ಓಕರಿಸುವ ಮಗು ಸದ್ದು ಮಾಡುತ್ತದೆ. ಕಣ್ಣಲ್ಲಿ ನೀರು, ಕೆಂಪಗಾದ ಮುಖ, ಹೊರಗೆ ಬಂದ ನಾಲಿಗೆ, ಆಮೇಲೆ ತುತ್ತು ಮುಂದಕ್ಕೆ ಬರುತ್ತದೆ. ನೋಡಲು ಎದೆ ಝಲ್ ಅನ್ನುತ್ತದೆ, ಆದರೆ ಅದು ಮೈಯ ಕಾವಲು. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಭಯಪಡಬೇಕಾದದ್ದು ಸದ್ದಿಲ್ಲದಾಗ: ಅಳಲಾಗದು, ಕೆಮ್ಮಲಾಗದು, ತುಟಿ ನೀಲಿಯಾಗುತ್ತದೆ. ಆಗ ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲಿ. ಒಂದು ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಬೆನ್ನಿನ ಮೇಲ್ಭಾಗದಲ್ಲಿ ಅಂಗೈಯ ಬುಡದಿಂದ 5 ಪೆಟ್ಟು ಕೊಡಬೇಕು. ಬರಲಿಲ್ಲವೆಂದರೆ ಅಂಗಾತ ತಿರುಗಿಸಿ ಎದೆಯ ನಡುವಿನ ಮೂಳೆಯನ್ನು 5 ಸಲ ಒತ್ತಬೇಕು. ವರ್ಷ ದಾಟಿದ ಮಕ್ಕಳಿಗೆ ಬೆನ್ನಿಗೆ 5 ಪೆಟ್ಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೆ-ಮೇಲಕ್ಕೆ 5 ಸಲ ಒತ್ತಬೇಕು. ಕಾಣದ ತುಂಡಿಗಾಗಿ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಇದನ್ನು ಓದಿ ಬಿಡುವ ಬದಲು ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಒಮ್ಮೆ ಕೈಯಾರೆ ಮಾಡಿ ಕಲಿಯಿರಿ.

ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಇಡೀ ಬೀಜಗಳು, ಪಾಪ್‌ಕಾರ್ನ್, ಗಟ್ಟಿ ಪೆಪ್ಪರ್‌ಮಿಂಟು, ಹಸಿ ಕ್ಯಾರೆಟ್ ತುಂಡು ಚಿಕ್ಕ ಮಕ್ಕಳಿಗೆ ಬೇಡ. ಓಡಾಡುತ್ತಾ, ನಗುತ್ತಾ, ಮಲಗಿಕೊಂಡು ತಿನ್ನುವುದಂತೂ ಬೇಡ. ಕೂತು ತಿನ್ನಲಿ.

ಹಾಲು ಎಷ್ಟು ಕೊಡಬೇಕು? ಊಟ ಬಿಟ್ಟರೂ ಹಾಲು ಕುಡಿಯುತ್ತದೆ.

ಹಾಲು ಕುಡಿಯುವುದರಿಂದಲೇ ಊಟ ಬಿಡುತ್ತಿರಬಹುದು! ಒಂದು ವರ್ಷದವರೆಗೆ ಹಸುವಿನ ಹಾಲು ಮುಖ್ಯ ಪಾನೀಯವಾಗಬಾರದು. ಆಮೇಲೆ ದಿನಕ್ಕೆ 350ರಿಂದ 500 ಮಿ.ಲೀ. ಸಾಕು. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಕಬ್ಬಿಣ ಇಲ್ಲವೆಂಬಷ್ಟು ಕಡಿಮೆ. ಹೊಟ್ಟೆ ತುಂಬಾ ಹಾಲು ಕುಡಿದು ಬೇರೇನೂ ತಿನ್ನದ ಮಕ್ಕಳಿಗೆ ರಕ್ತಹೀನತೆ ಬರುವುದು ಮಕ್ಕಳ ಡಾಕ್ಟರುಗಳು ದಿನಾ ನೋಡುವ ವಿಷಯ. ಊಟಕ್ಕೆ ಮುಂಚೆ ಹಾಲು ಕೊಡಬೇಡಿ. ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಅಭ್ಯಾಸ ಹಲ್ಲು ಹುಳುಕಾಗಲು ಹತ್ತಿರದ ದಾರಿ.

ಹಣ್ಣು ತಿನ್ನದ ಮಗುವಿಗೆ ಜ್ಯೂಸ್ ಕೊಡಬಹುದಲ್ಲ?

ಒಂದು ಲೋಟ ಕಿತ್ತಳೆ ಜ್ಯೂಸಿಗೆ ಎರಡು-ಮೂರು ಹಣ್ಣು ಬೇಕು. ಅಷ್ಟನ್ನೂ ಒಂದೇ ಸಲ ಸುಲಿದು ತಿನ್ನುವ ಚಿಕ್ಕ ಮಗು ಅಪರೂಪ. ಜ್ಯೂಸ್ ಆದರೆ ಎರಡು ನಿಮಿಷದಲ್ಲಿ ಖಾಲಿ, ನಾರು ಮಾತ್ರ ಜರಡಿಯಲ್ಲೇ ಉಳಿಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೇಳಿದ ಮಿತಿ ಹೀಗಿದೆ: ಒಂದು ವರ್ಷದವರೆಗೆ ಜ್ಯೂಸ್ ಬೇಡ, ಒಂದರಿಂದ ಮೂರು ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ ಸುಮಾರು 120 ಮಿ.ಲೀ., ನಾಲ್ಕರಿಂದ ಆರಕ್ಕೆ 120ರಿಂದ 180. ಬಾಯಾರಿಕೆಗೆ ನೀರೇ ಸರಿ.

ಸಕ್ಕರೆಯ ಬದಲು ಜೇನುತುಪ್ಪ ಹಾಕಿದರೆ?

ಲೆಕ್ಕದಲ್ಲಿ ಅದೂ ಸಕ್ಕರೆಯೇ. ಕಂದು ಸಕ್ಕರೆ, ಜ್ಯೂಸಿನ ಸಿಹಿ ಎಲ್ಲವೂ ಅದೇ ಖಾತೆಗೆ. ಎರಡು ವರ್ಷದವರೆಗೆ ಸೇರಿಸಿದ ಸಕ್ಕರೆ ಬೇಡ, ಆಮೇಲೆ 18 ವರ್ಷದವರೆಗೆ ದಿನಕ್ಕೆ 25 ಗ್ರಾಂ ಒಳಗೆ, ಅಂದರೆ ಸುಮಾರು 6 ಟೀ ಚಮಚ ಎಂದು ಅಮೆರಿಕದ ಹೃದಯ ಸಂಘ 2016ರಲ್ಲಿ ಹೇಳಿದೆ. 330 ಮಿ.ಲೀ. ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಇರುತ್ತದೆ. ಒಂದೇ ಕ್ಯಾನಿಗೆ ಇವತ್ತಿನದ್ದೂ ಮುಗಿಯಿತು, ನಾಳೆಯ ಪಾಲೂ ಅರ್ಧದ ಹತ್ತಿರ ಹೋಯಿತು.

ಸಿಹಿ ತಿಂದರೆ ಮಕ್ಕಳು ಹುಚ್ಚೆದ್ದು ಕುಣಿಯುತ್ತಾರೆ, ಅಲ್ವಾ?

ಇದನ್ನು ಪರೀಕ್ಷಿಸಿದ್ದಾರೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 1995ರ ವಿಶ್ಲೇಷಣೆಯಲ್ಲಿ ಸಕ್ಕರೆಗೂ ಮಕ್ಕಳ ನಡವಳಿಕೆಗೂ ಸಂಬಂಧ ಸಿಗಲಿಲ್ಲ. ಕೇಕ್ ಸಿಗುವ ಜಾಗದಲ್ಲಿ ಹತ್ತು ಮಕ್ಕಳು, ಬಲೂನು, ಗದ್ದಲ ಎಲ್ಲ ಇರುತ್ತದೆ. ಕುಣಿಸುವುದು ಅದು. ಸಕ್ಕರೆ ಕಡಿಮೆ ಮಾಡಲು ಹಲ್ಲು ಮತ್ತು ತೂಕ ಎಂಬ ಎರಡು ಗಟ್ಟಿ ಕಾರಣಗಳಿವೆ, ಸುಳ್ಳು ಕಾರಣ ಬೇಕಿಲ್ಲ.

ದೊಡ್ಡವರು ಕುಡಿಯುವಾಗ ಟೀ, ಕಾಫಿ ಕೇಳುತ್ತಾರೆ. ಒಂದು ಗುಟುಕು ಕೊಟ್ಟರೆ?

ಒಂದು ಗುಟುಕಿಗೆ ಏನೂ ಆಗುವುದಿಲ್ಲ, ದಿನಾ ಒಂದು ಲೋಟ ಬೇಡ. ಮಕ್ಕಳಿಗೆ ಮೈತೂಕದ ಒಂದು ಕೆ.ಜಿ.ಗೆ 3 ಮಿ.ಗ್ರಾಂ ಕೆಫೀನ್ ದಾಟದಿರಲಿ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಲೆಕ್ಕ ಕೊಟ್ಟಿತು. ಇಪ್ಪತ್ತು ಕೆ.ಜಿ. ಮಗುವಿಗೆ ಅದು 60 ಮಿ.ಗ್ರಾಂ. ಒಂದು ದೊಡ್ಡ ಲೋಟ ಕಾಫಿಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಊಟದ ಜೊತೆಗೆ ಕುಡಿದ ಟೀ ಕಬ್ಬಿಣ ಹೀರಿಕೊಳ್ಳುವುದನ್ನೂ ತಡೆಯುತ್ತದೆ. ಎನರ್ಜಿ ಡ್ರಿಂಕ್ ಮಕ್ಕಳಿಗೂ ಹದಿಹರೆಯದವರಿಗೂ ಸಲ್ಲದು, ಅದರಲ್ಲಿ ರಿಯಾಯಿತಿ ಇಲ್ಲ.

ಮೊಬೈಲ್ ಇಲ್ಲದೆ ಬಾಯಿ ತೆರೆಯುವುದಿಲ್ಲ.

ಮೊಬೈಲ್ ನೋಡುವ ಮಗು ಬಾಯಿ ತೆರೆಯುತ್ತದೆ, ಆದರೆ ಏನು ತಿಂದೆ, ಹೊಟ್ಟೆ ತುಂಬಿತಾ ಎಂಬುದರ ಮೇಲೆ ಗಮನವಿರುವುದಿಲ್ಲ. ಬಿಡಿಸುವಾಗ ಮೊದಲ ಕೆಲವು ದಿನ ತಿನ್ನುವುದು ಖಂಡಿತ ಕಡಿಮೆಯಾಗುತ್ತದೆ. ಅಷ್ಟಕ್ಕೇ ಹೆದರಿ ಮೊಬೈಲ್ ವಾಪಸ್ ಕೊಡಬೇಡಿ. ದಿನದ ಒಂದು ಊಟದಿಂದ ಶುರು ಮಾಡಿ. ಊಟ ಇಪ್ಪತ್ತು-ಮೂವತ್ತು ನಿಮಿಷಕ್ಕೆ ಮುಗಿಯಲಿ, ತಟ್ಟೆ ಎತ್ತಿಬಿಡಿ. ನಿಮ್ಮ ಫೋನೂ ಬೇರೆ ಕೋಣೆಯಲ್ಲಿರಬೇಕು. ಕಷ್ಟದ ಭಾಗ ಇದೇ ಅನ್ನಿ.

ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡಿ ಸಾಕಾಗಿದೆ.

ಮಾಡಬೇಡಿ. ಎಲ್ಲರಿಗೂ ಒಂದೇ ಅಡುಗೆ, ಆದರೆ ಪ್ರತಿ ಊಟದಲ್ಲೂ ಮಗು ತಿನ್ನುವಂಥದ್ದು ಒಂದಾದರೂ ಇರಲಿ. ಬರೀ ಅನ್ನವೋ, ಬ್ರೆಡ್ಡೋ, ಮೊಸರೋ ಆದೀತು. ಖಾರ, ಉಪ್ಪು ಹಾಕುವ ಮೊದಲೇ ಚಿಕ್ಕವರ ಪಾಲು ತೆಗೆದಿಟ್ಟರೆ ಎರಡನೇ ಪಾತ್ರೆ ಬೇಕಿಲ್ಲ. ಒಂದರಿಂದ ಮೂರು ವರ್ಷದವರಿಗೆ ಇಡೀ ದಿನಕ್ಕೆ 2 ಗ್ರಾಂ ಉಪ್ಪು ಸಾಕೇ ಸಾಕು.

ಮನೆಯ ಹಿರಿಯರು ಬೇಡವೆಂದರೂ ಸಿಹಿ ಕೊಡುತ್ತಾರೆ.

ಮಗುವಿನ ಎದುರು ಜಗಳ ಬೇಡ. ಪ್ರಾಣಕ್ಕೆ ಕುತ್ತು ತರುವಂಥವನ್ನು ಮಾತ್ರ ಗಟ್ಟಿಯಾಗಿ ಹೇಳಿ: ವರ್ಷದೊಳಗಿನ ಕೂಸಿಗೆ ಜೇನುತುಪ್ಪ, ಚಿಕ್ಕ ಮಕ್ಕಳಿಗೆ ಇಡೀ ಬೀಜ, ಅಲರ್ಜಿ ಇರುವ ಪದಾರ್ಥ. ಉಳಿದದ್ದಕ್ಕೆ "ಊಟ ಆದ್ಮೇಲೆ ನೀವೇ ಕೊಡಿ" ಅಂದರೆ ಕೊಡುವ ಖುಷಿ ಅವರಿಗೂ ಉಳಿಯುತ್ತದೆ, ಊಟವೂ ಕೆಡುವುದಿಲ್ಲ.

ರಾತ್ರಿಯ ಅನ್ನ ಉಳಿದಿದೆ. ಬೆಳಿಗ್ಗೆ ಬಿಸಿ ಮಾಡಿ ಕೊಡಬಹುದಾ?

ರಾತ್ರಿಯಿಡೀ ಹೊರಗೇ ಇತ್ತಾ, ಫ್ರಿಜ್ಜಿನಲ್ಲಿತ್ತಾ ಎಂಬುದರ ಮೇಲೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಉಳಿಯುತ್ತವೆ. ಅನ್ನ ಉಗುರುಬೆಚ್ಚಗೆ ಹೊರಗೇ ಇದ್ದರೆ ಅವು ಬೆಳೆದು ವಿಷ ಬಿಡುತ್ತವೆ. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ. ಬೇಗ ಆರಲೆಂದು ಅಗಲ ಪಾತ್ರೆಗೆ ಹರಡಿ, ಒಂದು ಗಂಟೆಯೊಳಗೆ ಫ್ರಿಜ್ಜಿಗಿಟ್ಟು, ಮರುದಿನವೇ ಹಬೆಯಾಡುವಷ್ಟು ಬಿಸಿ ಮಾಡಿ ಮುಗಿಸಿ. ಮಗು ಎಂಜಲು ಮಾಡಿ ಬಿಟ್ಟದ್ದನ್ನು ಮಾತ್ರ ತೆಗೆದಿಡಬೇಡಿ.

ವಾಂತಿ-ಭೇದಿ ಆದಾಗ ಏನು ಕೊಡಬೇಕು?

ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಅರ್ಧ ಪೊಟ್ಟಣ ಅಂದಾಜಿನ ಮೇಲೆ ಹಾಕುವುದು ಬೇಡ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ. ಎದೆಹಾಲು ನಿಲ್ಲಿಸಬಾರದು, ಹಸಿವಾದರೆ ಮಾಮೂಲಿ ಮೆತ್ತಗಿನ ಊಟ ಕೊಡಬಹುದು. ಜ್ಯೂಸು, ಕೋಲಾ ಕೊಟ್ಟರೆ ಅವುಗಳ ಸಕ್ಕರೆಯಿಂದ ಭೇದಿ ಜಾಸ್ತಿಯಾಗಬಹುದು. ಆರೆಂಟು ಗಂಟೆ ಉಚ್ಚೆ ಇಲ್ಲ, ಅತ್ತರೆ ಕಣ್ಣೀರಿಲ್ಲ, ಕಣ್ಣು ಗುಳಿ ಬಿದ್ದಿದೆ, ಮಲದಲ್ಲಿ ರಕ್ತ ಇದೆ ಅಂದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಹದಿನಾಲ್ಕರ ಮಗಳು ಬೆಳಗಿನ ತಿಂಡಿ ಬಿಡುತ್ತಾಳೆ, ದಪ್ಪ ಆಗ್ತೀನಿ ಅಂತಾಳೆ.

ಮೊದಲು ಮನೆಯಲ್ಲಿ ಯಾರ ಮೈಯ ಬಗ್ಗೆಯೂ, ನಿಮ್ಮದೂ ಸೇರಿ, ಮಾತಾಡುವುದನ್ನು ನಿಲ್ಲಿಸಿ. "ಸ್ವಲ್ಪ ದುಂಡಗಾಗಿದ್ದೀಯಾ" ಎಂದು ತಮಾಷೆಗೆ ಅಂದದ್ದನ್ನು ಈ ವಯಸ್ಸಿನವರು ವರ್ಷಗಟ್ಟಲೆ ಮರೆಯುವುದಿಲ್ಲ. ಮುಟ್ಟು ಶುರುವಾದ ಮೇಲೆ ಕಬ್ಬಿಣದ ಅಗತ್ಯ ಏರುತ್ತದೆ. ಹದಿನಾಲ್ಕರಿಂದ ಹದಿನೆಂಟರ ಹುಡುಗಿಯರಿಗೆ ದಿನಕ್ಕೆ 15 ಮಿ.ಗ್ರಾಂ, ಅದೇ ವಯಸ್ಸಿನ ಹುಡುಗರಿಗೆ 11 ಎಂಬುದು ಅಮೆರಿಕದ ಶಿಫಾರಸು. ಮೂಳೆ ಗಟ್ಟಿಯಾಗುವ ವಯಸ್ಸೂ ಇದೇ. ಎದ್ದ ಕೂಡಲೇ ಹಸಿವಾಗದಿದ್ದರೆ ಬಲವಂತ ಬೇಡ, ಒಂದು ಹಣ್ಣು, ಬೇಯಿಸಿದ ಮೊಟ್ಟೆ ಡಬ್ಬಿಗೆ ಹಾಕಿ ಕೊಡಿ. ಊಟ ಬಚ್ಚಿಡುವುದು, ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಮುಟ್ಟು ನಿಲ್ಲುವುದು, ತೂಕ ಸರ್ರನೆ ಇಳಿಯುವುದು ಕಂಡರೆ ಅದು ಹಟವಲ್ಲ, ಕಾಯಿಲೆ ಇರಬಹುದು. ಬೈಯದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಪೊಟ್ಟಣದ ತಿಂಡಿ ಕೊಳ್ಳುವಾಗ ಏನು ನೋಡಬೇಕು?

ಮುಂದೆ ಬರೆದದ್ದನ್ನು ಬಿಡಿ, ಹಿಂದಿನದ್ದನ್ನು ಓದಿ. ಪದಾರ್ಥಗಳನ್ನು ತೂಕದ ಪ್ರಕಾರ, ಜಾಸ್ತಿ ಇರುವುದನ್ನು ಮೊದಲು ಬರೆದಿರುತ್ತಾರೆ. ಮೊದಲ ಮೂರರಲ್ಲಿ ಸಕ್ಕರೆ ಬಂದರೆ ಅದು ಸಿಹಿತಿಂಡಿ, ಮೇಲೆ ಗೋಧಿಯ ತೆನೆಯ ಚಿತ್ರವಿದ್ದರೂ ಅಷ್ಟೇ. ಗ್ಲೂಕೋಸ್ ಸಿರಪ್, ಫ್ರಕ್ಟೋಸ್, ಡೆಕ್ಸ್‌ಟ್ರೋಸ್ ಎಂಬ ಹೆಸರುಗಳಲ್ಲೂ ಸಕ್ಕರೆಯೇ ಬರುತ್ತದೆ. ಎರಡು ಪೊಟ್ಟಣ ಹೋಲಿಸುವಾಗ 100 ಗ್ರಾಮಿಗೆ ಎಷ್ಟು ಎಂಬ ಸಾಲು ನೋಡಿ. ಒಂದು ಸಲದ ಪ್ರಮಾಣವನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ.